ಕಸದ ಮೂರು ಛಾಯಾಚಿತ್ರಗಳು

ನ್ಯೂಯಾರ್ಕ್ ಪಟ್ಟಣದ ಮಾರ್ಟನ್ ಬೀದಿಯನ್ನು 1893ನೆಯ ಇಸವಿ ಮಾರ್ಚ್ ತಿಂಗಳಿನಲ್ಲಿ ತೆಗೆದ ಛಾಯಾಚಿತ್ರವೊಂದಿದೆ. ಅದರಲ್ಲಿ ಕಣ್ಣಿಗೆ ಬೀಳುವುದೆಲ್ಲ ಕಸವೇ. 1895ರ ಮೇ ತಿಂಗಳಿನಲ್ಲಿ ಅದೇ ಸ್ಥಳದಲ್ಲಿ ತೆಗೆದ ಇನ್ನೊಂದು ಚಿತ್ರದಲ್ಲಿ ಬೀದಿಯು ಗುಡಿಸಿದ ಅಂಗಳದಂತಿದೆ.

ಆ ವರುಷದ ಜನವರಿಯಲ್ಲಿ ಕರ್ನಲ್ ಜಾರ್ಜ್ ವೇರಿಂಗನು ಪಟ್ಟಣದ ಬೀದಿಗಳ ನೈರ್ಮಲ್ಯಾಧಿಕಾರಿಯಾಗಿ ಬಂದಿದ್ದನು. ಆತನು ಕಸ ಗುಡಿಸುವವರಿಗೆ ಬಿಳಿಯ ಉಡುಪನ್ನು ಕೊಟ್ಟು ಅವರ ಕೆಲಸಕ್ಕೆ ಗೌರವವನ್ನು ತಂದನು; 1896ರಲ್ಲಿ ಬೂದಿ, ಅಡುಗೆಯ ಕಸ, ಒಣಕಸ ಇವುಗಳನ್ನು ಮನೆಗಳಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದನು. ಒಣಕಸದಲ್ಲಿ ಬೆಲೆಯುಳ್ಳದ್ದನ್ನು ಆರಿಸಿ ಮಾರುವ ಏರ್ಪಾಡೂ ಆಯಿತು. ಎಸೆದ ವಸ್ತುವಿನ ಹೊಣೆ ಎಸೆದವನದೂ ಹೌದೆಂಬುದು ಈ ವಿಧಿಯ ತಿರುಳು.

ಈ ತಿರುಳನ್ನು ಜನರು ಬಹುಕಾಲ ನೆನೆಯಲಿಲ್ಲ. 1955ರ ಆಗಸ್ಟಿನಲ್ಲಿ ಅದೇ ಪಟ್ಟಣದ ‘ಲೈಫ್’ ಪತ್ರಿಕೆಯು ಪೀಟರ್ ಸ್ಟ್ಯಾಕ್‌ಪೋಲನು ತೆಗೆದ ಚಿತ್ರವನ್ನು ಪ್ರಕಟಿಸಿತು. ಅದರಲ್ಲಿ ಒಂದು ಕುಟುಂಬವು ಕೈಗಳನ್ನೆತ್ತಿ ಹರ್ಷಿಸುತ್ತಿದೆ. ಒಮ್ಮೆ ಬಳಸಿ ಬಿಸಾಡುವ ತಟ್ಟೆ ಲೋಟಗಳು ಸುತ್ತಲೂ ಹಾರಾಡುತ್ತಿವೆ. ಇವನ್ನೆಲ್ಲ ತೊಳೆಯಲು 40 ಗಂಟೆಗಳು ಬೇಕಾಗುತ್ತಿದ್ದುವು, ಈಗ ಗೃಹಿಣಿಗೆ ಆ ಶ್ರಮವಿಲ್ಲ ಎಂಬುದು ಅದರ ಒಕ್ಕಣೆಯ ಭಾವ.

ಮನೆಯಲ್ಲಿ ಉಳಿದ ಶ್ರಮದ ಭಾರವು ನೆಲಜಲಗಳ ಮೇಲೆ ಬಿದ್ದಿತು. 2019ರಲ್ಲಿ ಲೋಕದಲ್ಲಿ ಉಂಟಾದ ಪ್ಲಾಸ್ಟಿಕ್ ಕಸವು ಸುಮಾರು 35 ಕೋಟಿ ಟನ್ನು. ಅದರಲ್ಲಿ ಮರುಬಳಕೆಗೆ ಬಂದದ್ದು ನೂರಕ್ಕೆ ಸುಮಾರು 9 ಪಾಲು ಮಾತ್ರ. ಗಾಳಿಯಲ್ಲಿ ಹಾರಿದ ಆ ತಟ್ಟೆಗಳು ಕಡೆಗೆ ಎಲ್ಲಿ ಬಿದ್ದುವೆಂಬುದನ್ನು ಮೂರನೆಯ ಚಿತ್ರವು ತೋರಿಸುವುದಿಲ್ಲ.