ಡಿಜಿಟಲ್ ಮಾಧ್ಯಮ ಮತ್ತು ಬದಲಾಗುತ್ತಿರುವ ಪತ್ರಿಕೋದ್ಯಮ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ

ಸದಲಗಾದಲ್ಲಿ ಜನಿಸಿದ ಪರಮಪೂಜ್ಯ ಆಚಾರ್ಯ ಶ್ರೀ 108 ವಿದ್ಯಾಸಾಗರ ಮಹಾರಾಜರು 2024ರ ಫೆಬ್ರವರಿ 18ರ ನಸುಕಿನಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ಸಮಾಧಿಸ್ಥರಾದರು. ಹುಬ್ಬಳ್ಳಿಯಲ್ಲಿ ಅಚ್ಚಾಗಿ ಹಾವೇರಿ ಜಿಲ್ಲೆಗೆ ಬರುವ ಪತ್ರಿಕೆಗಳ ಮುದ್ರಣ ಆ ಹೊತ್ತಿಗೆ ಮುಗಿದಿರುತ್ತದೆ. ಸುದ್ದಿ ಬಂದದ್ದು ಮೊಬೈಲಿಗೆ. ಬೆಳಗಿನ ಅಭಿಷೇಕಕ್ಕೆ ಬಸದಿಗೆ ಹೊರಟವರು ಅದನ್ನು ತಿಳಿದೇ ಹೊರಟರು. ಪತ್ರಿಕೆಯಲ್ಲಿ ಓದಲು ಮರುದಿನದವರೆಗೆ ಕಾಯಬೇಕಾಯಿತು. ಪತ್ರಿಕೋದ್ಯಮದಲ್ಲಿ ಆಗಿರುವ ಬದಲಾವಣೆಯನ್ನು ಇದೊಂದೇ ಪ್ರಸಂಗ ಹೇಳುತ್ತದೆ.

ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಜೈನ ಸಮಾಜವೂ ಪತ್ರಿಕೆಯ ಬಲವನ್ನು ಬೇಗನೆ ಅರಿತಿತ್ತು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ಮರಾಠಿಯಲ್ಲಿ ‘ಪ್ರಗತಿ ಆಣಿ ಜಿನವಿಜಯ’ವನ್ನು ನಡೆಸಿಕೊಂಡು ಬಂದಿದೆ. ಹಾವೇರಿ ಭಾಗಕ್ಕೆ ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಮತ್ತು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ದೀರ್ಘಕಾಲ ಸುದ್ದಿಯ ಮುಖ್ಯ ಮೂಲಗಳಾಗಿದ್ದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಸ್ಥಳೀಯ ಸುದ್ದಿಗೆ ಹೆಚ್ಚು ಜಾಗ ದೊರೆಯಿತು. 2016ರ ನಂತರ ಅಗ್ಗವಾದ ಇಂಟರ್‌ನೆಟ್ ಸುದ್ದಿಯನ್ನು ನೇರವಾಗಿ ಕೈಗೇ ತಂದಿತು.

ಪೇಟೆಯ ಸುದ್ದಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು. ಹಿಂದೆ ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಧಾರಣೆ ತಿಳಿಯಲು ರೇಡಿಯೋ ಅಥವಾ ಮರುದಿನದ ಪತ್ರಿಕೆಯೇ ಗತಿ. ಈಗ ಇ-ಟೆಂಡರ್ ಮುಗಿಯುತ್ತಿದ್ದಂತೆ ದರ ವಾಟ್ಸ್‌ಆ್ಯಪ್‌ನಲ್ಲಿರುತ್ತದೆ. ರೈತರಿಗೂ ವ್ಯಾಪಾರಸ್ಥರಿಗೂ ಇದರಿಂದ ಅನುಕೂಲವಾಗಿದೆ.

ಆದರೆ 2024ರ ಮಾರ್ಚ್ 11ರಂದು ದರ ಕುಸಿತದಿಂದ ಆಕ್ರೋಶಗೊಂಡವರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದಾಗ ಇನ್ನೊಂದು ಮುಖ ಕಂಡಿತು. ಬೆಂಕಿಯ ದೃಶ್ಯ ನಾಡಿಗೆಲ್ಲ ಕ್ಷಣದಲ್ಲಿ ಮುಟ್ಟಿತು. ಆವಕ ಎಷ್ಟಿತ್ತು, ದರ ಏಕೆ ಇಳಿಯಿತು, ನಷ್ಟ ಯಾರಿಗೆ ಎಂಬುದನ್ನು ಮಾತ್ರ ವಿಡಿಯೋ ಹೇಳುವುದಿಲ್ಲ. ಅದಕ್ಕೆ ವರದಿಗಾರ ಮಾರುಕಟ್ಟೆಗೆ ಹೋಗಿ ರೈತರು, ದಲಾಲರು, ಅಧಿಕಾರಿಗಳು ಎಲ್ಲರನ್ನೂ ಕೇಳಲೇಬೇಕು.

ವರದಿಗಾರನ ಆದಾಯ

ತಾಲ್ಲೂಕು ಮಟ್ಟದಲ್ಲಿ ಸುದ್ದಿ ಬರೆಯುವವರೇ ಅನೇಕ ಕಡೆ ಜಾಹೀರಾತನ್ನೂ ತರುತ್ತಾರೆ. ಅಂಗಡಿಯ ಶುಭಾರಂಭ, ಹಬ್ಬದ ಶುಭಾಶಯ, ಶ್ರದ್ಧಾಂಜಲಿಗಳಿಂದ ಬರುವ ಹಣವೇ ಅವರಿಗೆ ಆಧಾರ. ಈಗ ಪಂಚಕಲ್ಯಾಣದ ಆಮಂತ್ರಣ, ಚಾತುರ್ಮಾಸದ ಪ್ರಕಟಣೆ, ನಿಧನವಾರ್ತೆ ಎಲ್ಲವೂ ಖರ್ಚಿಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತವೆ. ನಮಗೆ ಹಣ ಉಳಿಯಿತು ನಿಜ. ಊರಿನ ಸುದ್ದಿಯನ್ನು ವಿಚಾರಿಸಿ ಬರೆಯುವವರ ಆದಾಯ ಅಷ್ಟು ಕುಗ್ಗಿತು.

ತಪ್ಪು ಸುದ್ದಿಯ ಹಾನಿ

2024ರ ನವೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರ ಆತ್ಮಹತ್ಯೆಗೆ ವಕ್ಫ್ ಜಮೀನು ವಿವಾದ ಕಾರಣವೆಂದು ಕನ್ನಡ ಸುದ್ದಿ ಜಾಲತಾಣಗಳು ಪ್ರಕಟಿಸಿದವು. ಸಂಸದರೊಬ್ಬರು ಅದನ್ನು ಹಂಚಿಕೊಂಡರು. ಆ ಸಾವು 2022ರ ಜನವರಿಯದು, ಸಾಲ ಮತ್ತು ಬೆಳೆಹಾನಿ ಕಾರಣ ಎಂದು ಜಿಲ್ಲಾ ಪೊಲೀಸರು ಸ್ಪಷ್ಟಪಡಿಸಿದ ಬಳಿಕ ಪೋಸ್ಟ್ ಅಳಿಸಲಾಯಿತು. ಸಂಸದರ ಮೇಲಿನ ಪ್ರಕರಣವನ್ನು ಹೈಕೋರ್ಟ್ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಕಾನೂನಿನ ಮಾತು ಅಲ್ಲಿಗೆ ಮುಗಿದರೂ, ಒಂದು ಮನೆಯ ದುಃಖ ತಪ್ಪು ಕಾರಣದೊಂದಿಗೆ ಊರೂರು ಸುತ್ತಿದ್ದು ಅಳಿಯುವುದಿಲ್ಲ.

ನಮ್ಮ ಸಮಾಜಕ್ಕೂ ಈ ಅನುಭವವಿದೆ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾದಾಗ ತನಿಖೆಗೂ ಮುನ್ನವೇ ಹಲವು ಊಹೆಗಳು ಹರಿದಾಡಿದವು. ಪೊಲೀಸರು ಇಬ್ಬರನ್ನು ಬಂಧಿಸಿ, ಹಣದ ವ್ಯವಹಾರ ಕಾರಣವೆಂದು ತಿಳಿಸಿದರು. ಮುಂದೆ ತನಿಖೆ ಸಿಐಡಿಗೆ ಹೋಯಿತು. ಶೋಕದ ಆ ದಿನಗಳಲ್ಲಿ ಬಂದದ್ದನ್ನೆಲ್ಲ ನಂಬಿ ಮುಂದೆ ಕಳಿಸಿದವರಲ್ಲಿ ನಾವೂ ಇದ್ದೆವು.

ಶ್ರಾವಕರ ಹೊಣೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮಿಥ್ಯೋಪದೇಶ, ಇತರರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನ, ಸುಳ್ಳು ಬರಹದ ಕೂಟಲೇಖಕ್ರಿಯೆ ಮೂರೂ ಇಂದಿನ ಫಾರ್ವರ್ಡ್‌ಗೆ ನೇರವಾಗಿ ಅನ್ವಯಿಸುತ್ತವೆ. ಸುದ್ದಿಯನ್ನು ಪರಿಶೀಲಿಸುವ ಕೆಲಸ ಹಿಂದೆ ಸಂಪಾದಕರದ್ದಾಗಿತ್ತು. ಈಗ ಫೋನ್ ಹಿಡಿದ ಪ್ರತಿಯೊಬ್ಬರದ್ದೂ ಆಗಿದೆ.

• ಸುದ್ದಿಯ ದಿನಾಂಕ, ಊರು, ಮೂಲ ನೋಡಿ. ಹಳೆಯ ವಿಡಿಯೋ ಹೊಸದಾಗಿ ಬರುವುದು ಸಾಮಾನ್ಯ.
• ಮುನಿಸಂಘದ ವಿಹಾರ, ಆರೋಗ್ಯ, ಸಮಾಧಿಯ ಸುದ್ದಿಯನ್ನು ಸಂಘದ ವ್ಯವಸ್ಥಾಪಕರಿಂದ ಅಥವಾ ಬಸದಿ ಸಮಿತಿಯಿಂದ ಖಚಿತಪಡಿಸಿಕೊಳ್ಳಿ.
• ಮುದ್ರಿತ ಪತ್ರಿಕೆಯಲ್ಲಿ ತಪ್ಪಾದರೆ ಮೊದಲು ಸಂಪಾದಕರಿಗೆ ಬರೆಯಿರಿ. ಸರಿಪಡಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು.
• ಜಾಲತಾಣದ ಸುದ್ದಿಯಾದರೆ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳು ಉತ್ತರಕ್ಕೆ 15 ದಿನಗಳ ಅವಧಿ ಹೇಳುತ್ತವೆ.
• ಮಾನಹಾನಿ, ವಂಚನೆ, ದ್ವೇಷದ ಸಂದೇಶಗಳಿಗೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯನ್ನು ಸಂಪರ್ಕಿಸಿ.
• ತಪ್ಪು ಸುದ್ದಿ ಕಳಿಸಿದ್ದು ತಿಳಿದರೆ ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕಿ. ಸುಮ್ಮನೆ ಅಳಿಸಿದರೆ ಆಗಲೇ ಓದಿದವರಿಗೆ ನಿಜ ತಿಳಿಯುವುದಿಲ್ಲ.