ಬಚ್ಚಿಟ್ಟ ಒಂದು ಮದುವೆ, ಮೂರು ತಲೆಮಾರು

ಇತಿಹಾಸದ ಪಠ್ಯಪುಸ್ತಕದಲ್ಲಿ ಬಂಗಾಳದ ಹೆಣ್ಣುಮಕ್ಕಳ ಕಥೆ ಕೆಲವು ಇಸವಿಗಳಲ್ಲಿ ಮುಗಿಯುತ್ತದೆ. 1849ರಲ್ಲಿ ಕಲ್ಕತ್ತೆಯಲ್ಲಿ ಬೆಥೂನ್ ಶಾಲೆ ಆರಂಭವಾಯಿತು. 1856ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. 1929ರ ಶಾರದಾ ಕಾಯಿದೆ ಹುಡುಗಿಯರ ಮದುವೆಗೆ ಕನಿಷ್ಠ 14 ವರ್ಷವೆಂದು ಗೊತ್ತುಮಾಡಿತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಶಾಲೆಯ ಬಾಗಿಲು ತೆರೆದಾಗ ಮನೆಯ ಬಾಗಿಲೂ ತೆರೆಯಿತೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಆಶಾಪೂರ್ಣಾ ದೇವಿಯವರ (1909–1995) ಬಂಗಾಳಿ ಕಾದಂಬರಿ ತ್ರಿವಳಿಯನ್ನು ಓದಬೇಕು. ಮೊದಲನೆಯದಾದ ‘ಪ್ರಥಮ ಪ್ರತಿಶ್ರುತಿ’ ಪ್ರಕಟವಾದದ್ದು 1964ರಲ್ಲಿ. ಅನಂತರ ‘ಸುವರ್ಣಲತಾ’, ‘ಬಕುಲ್ ಕಥಾ’ ಬಂದವು. ಅಜ್ಜಿ ಸತ್ಯವತಿ, ಮಗಳು ಸುವರ್ಣಲತಾ, ಮೊಮ್ಮಗಳು ಬಕುಲ್ – ಹೀಗೆ ಮೂರು ತಲೆಮಾರು.

ಹಟ ಹಿಡಿದು ಅಕ್ಷರ ಕಲಿತ ಸತ್ಯವತಿ ಮಗಳನ್ನು ಕಲ್ಕತ್ತೆಯಲ್ಲಿ ಶಾಲೆಗೆ ಕಳಿಸುತ್ತಾಳೆ. ಆದರೆ ಹಳ್ಳಿಗೆ ಹೋದ ಆ ಪುಟ್ಟ ಹುಡುಗಿಗೆ ಅಜ್ಜಿ, ತಾಯಿಗೆ ಸುಳಿವು ಕೊಡದೆ ಮದುವೆ ಮಾಡಿಸುತ್ತಾಳೆ. ಸತ್ಯವತಿ ಬಂದು ನೋಡುವಾಗ ಎಲ್ಲ ಮುಗಿದಿದೆ. ಆಕೆ ಸಂಸಾರ ತೊರೆದು ಕಾಶಿಯ ದಾರಿ ಹಿಡಿಯುತ್ತಾಳೆ.

ಈ ಗುಟ್ಟಿನ ದಂಡವನ್ನು ತೆತ್ತವಳು ಸುವರ್ಣಲತಾ. ಮನೆಬಿಟ್ಟ ತಾಯಿಯ ಮಗಳೆಂದು ಅತ್ತೆಮನೆಯಲ್ಲಿ ಅವಳಿಗೆ ಚುಚ್ಚುಮಾತು. ಹೊಸ ಮನೆಗೆ ರಸ್ತೆ ಕಾಣುವ ಒಂದು ವರಾಂಡ ಬೇಕೆಂದು ಆಸೆಪಟ್ಟಳು, ಅದೂ ದೊರೆಯಲಿಲ್ಲ. ತನ್ನ ಬಾಳಿನ ಕಥೆ ಬರೆದು ಅಚ್ಚುಹಾಕಿಸಿದಳು. ಮನೆಯವರು ನಕ್ಕರು, ಅವಳೇ ಸುಟ್ಟುಹಾಕಿದಳು. ಅವಳ ಹೆಣ್ಣುಮಕ್ಕಳಲ್ಲಿ ಪಾರುಲ್ ಪದ್ಯ ಬರೆಯುವವಳು. ತಂಗಿ ಬಕುಲ್ ಹೆಸರಾಂತ ಲೇಖಕಿಯಾಗುತ್ತಾಳೆ. ಸತ್ಯವತಿಯ ಕಥೆ ಬಕುಲಳ ಟಿಪ್ಪಣಿ ಪುಸ್ತಕದಿಂದ ಬಂದದ್ದು ಎಂಬುದೇ ಮೊದಲ ಕಾದಂಬರಿಯ ಹೂಟ. ಅಂದರೆ ಅಜ್ಜಿಯ ಇತಿಹಾಸಕಾರ್ತಿ ಮೊಮ್ಮಗಳು.

ಕಾದಂಬರಿಯನ್ನು ಸಾಕ್ಷ್ಯವೆಂದು ಒಪ್ಪಬಹುದೇ? ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಸಂದೇಹ ಸಹಜ. ಸತ್ಯವತಿ ಕಲ್ಪನೆಯ ಪಾತ್ರ. ಆದ್ದರಿಂದ ಬೇರೆ ಮೂಲಗಳೊಡನೆ ತಾಳೆ ನೋಡಬೇಕು. 19ನೆಯ ಶತಮಾನದ ರಾಸಸುಂದರಿ ದೇವಿ ಅಡುಗೆಮನೆಯಲ್ಲಿ ಪುಸ್ತಕದ ಒಂದು ಹಾಳೆಯನ್ನು ಬಚ್ಚಿಟ್ಟುಕೊಂಡು ಓದು ಕಲಿತುದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸ್ವತಃ ಆಶಾಪೂರ್ಣಾ ದೇವಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ; ಅಜ್ಜಿಯ ಕಟ್ಟುನಿಟ್ಟು ಅಡ್ಡವಾಗಿತ್ತು. ಅಣ್ಣಂದಿರ ಓದನ್ನು ಕೇಳಿ, ನೋಡಿ ಕಲಿತರು. ಅವರೇ 1976ರ ಜ್ಞಾನಪೀಠ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆಯಾದರು. ಹೆಸರು, ಊರು ಕಲ್ಪಿತವಿರಬಹುದು, ಕಟ್ಟುಪಾಡು ಕಲ್ಪಿತವಲ್ಲ.

ನಮ್ಮಲ್ಲಿಯೂ ಇಂಥ ಇತಿಹಾಸ ಉಳಿದದ್ದು ಹೆಂಗಸರ ಮಾತಿನಲ್ಲೇ. ಮಲೆನಾಡಿನ ಬಾಲವಿಧವೆ ಫಣಿಯಮ್ಮ ತನ್ನ ಬಾಳನ್ನು ಹೇಳಿಕೊಂಡದ್ದು ಎಂ. ಕೆ. ಇಂದಿರಾ ಅವರ ತಾಯಿಯಲ್ಲಿ. ತಾಯಿ ಹೇಳಿದ್ದನ್ನು ಮಗಳು ಕಾದಂಬರಿಯಾಗಿಸಿದರು.

ಕಾಯಿದೆ ಜಾರಿಯಾದ ದಿನ ಗೆಜೆಟ್‌ನಲ್ಲಿ ಸಿಗುತ್ತದೆ. ಅದು ಒಂದು ಮನೆಯ ಹೊಸಿಲು ದಾಟಲು ಎಷ್ಟು ವರ್ಷ ಹಿಡಿಯಿತೆಂಬುದು ಸಿಗುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ: ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ? ಬಿಡಿಸಿದವರು ಯಾರು? ಆಗ ನಿಮ್ಮನ್ನು ಯಾರಾದರೂ ಒಂದು ಮಾತು ಕೇಳಿದರೇ? ಹೇಳಿದ್ದನ್ನು ಇಸವಿ ಸಮೇತ ಬರೆದಿಡಿ. ಹೇಳಲು ಮನಸ್ಸಿಲ್ಲದಿದ್ದರೆ ಬಲವಂತ ಬೇಡ; ಹೇಳಬೇಕೋ ಬೇಡವೋ ಎಂಬ ತೀರ್ಮಾನವಾದರೂ ಅವರದಾಗಿರಲಿ.