ಜಾತ್ರೆಯ ತೀರ್ಪು, ಕಡತದ ವಂಶಾವಳಿ: ಬೆಂಗಳೂರು ಉತ್ತರ ಸೀಮೆಯಲ್ಲಿ ಹಳ್ಳಿಕಾರ್ ತಳಿಯ ಸಾಕಣೆ ಮತ್ತು ಮಾರಾಟದ ಇತಿಹಾಸ

ದನಗಳ ವಂಶಾವಳಿಯನ್ನು ಬರೆದಿಟ್ಟು, ಆ ಬರಹದ ಬಲದಿಂದ ಅವುಗಳಿಗೆ ಬೆಲೆ ಕಟ್ಟುವ ಪದ್ಧತಿಗೆ ವ್ಯವಸ್ಥಿತ ರೂಪ ಬಂದದ್ದು 1822ರಲ್ಲಿ, ಇಂಗ್ಲೆಂಡಿನ ಜಾರ್ಜ್ ಕೋಟ್ಸ್ ಶಾರ್ಟ್‌ಹಾರ್ನ್ ತಳಿಯ ಹಿಂಡುಪುಸ್ತಕವನ್ನು ಪ್ರಕಟಿಸಿದಾಗ. ಹಿಂಡುಪುಸ್ತಕವೆಂದರೆ ಒಂದು ತಳಿಯ ಪ್ರತಿಯೊಂದು ರಾಸಿನ ತಂದೆ, ತಾಯಿ, ಹುಟ್ಟು ಮತ್ತು ಒಡೆತನವನ್ನು ನಮೂದಿಸುವ ಸಾರ್ವಜನಿಕ ದಾಖಲೆ. ಅದರಲ್ಲಿ ಹೆಸರಿರುವ ರಾಸು ನೋಂದಾಯಿತ, ಇಲ್ಲದ್ದು ಎಷ್ಟೇ ಚೆಲುವಾಗಿದ್ದರೂ ಸಾಮಾನ್ಯ. ಅಮೆರಿಕದಲ್ಲಿ ಮಾಂಸಕ್ಕಾಗಿ ದನ ಬೆಳೆಸುವ ಕುಟುಂಬಗಳು ತಲೆಮಾರುಗಳಿಂದ ಬದುಕುತ್ತಿರುವುದು ಈ ಪುಸ್ತಕಗಳ ಆಧಾರದ ಮೇಲೆಯೇ. ಅಲ್ಲಿ 1924ರಲ್ಲಿ ಸಂಘ ಕಟ್ಟಿಕೊಂಡು ನೋಂದಣಿಗೆ ತೊಡಗಿದ ಬ್ರಾಹ್ಮನ್ ತಳಿಯಲ್ಲಿ ಗಿರ್, ಗುಜರಾತ್, ನೆಲ್ಲೂರು ದನಗಳ ಜೊತೆಗೆ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆಯ ದನಗಳ ರಕ್ತವೂ ಸೇರಿದೆ. ಹೊರನಾಡಿನಲ್ಲಿ ಪುಸ್ತಕ ಸೇರಿದ ಆ ಕೃಷ್ಣಾ ಕಣಿವೆ ತಳಿ ತವರಿನಲ್ಲಿ ಇಂದು ಅಪರೂಪವಾಗಿರುವುದು ಗಮನಿಸಬೇಕಾದ ಸಂಗತಿ.

ಹಳೆಯ ಮೈಸೂರು ಸೀಮೆಯಲ್ಲಿ ದನವನ್ನು ಮಾಂಸಕ್ಕಾಗಿ ಆಯ್ದು ಬೆಳೆಸಿದ ತಳಿಯೆಂಬುದು ಇರಲಿಲ್ಲ. ಇಲ್ಲಿ ಆಯ್ಕೆಯ ಗುರಿ ದುಡಿಮೆ. ನೊಗಕ್ಕೆ ಹೆಗಲು ಕೊಡುವ, ಬಿಸಿಲಿಗೆ ಬಾಗದ, ಗಾಡಿ ಕಟ್ಟಿದರೆ ಓಟಕ್ಕೂ ನಿಲ್ಲುವ ಹಳ್ಳಿಕಾರ್ ಎತ್ತನ್ನು ರೂಪಿಸಿದವರು ರೈತ ಕುಟುಂಬಗಳು. ಅವರ ವಂಶಾವಳಿ ಕಾಗದದಲ್ಲಿರದೆ ಊರಿನ ನೆನಪಿನಲ್ಲಿತ್ತು, ಅದರ ಪರೀಕ್ಷೆ ಜಾತ್ರೆಯ ಮಾಳದಲ್ಲಿ ನಡೆಯುತ್ತಿತ್ತು. ಹೆಬ್ಬಾಳದಿಂದ ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರಗಳವರೆಗಿನ ಭೂಭಾಗದಲ್ಲಿ ಈ ಜಾತ್ರೆಯ ವಿದ್ಯೆಯೂ ರಾಷ್ಟ್ರಮಟ್ಟದ ಪಶುವಿಜ್ಞಾನ ಸಂಸ್ಥೆಗಳೂ ಅಕ್ಕಪಕ್ಕದಲ್ಲೇ ಬೆಳೆದವು. ಆದರೂ ಕಡತ ಬರೆಯಬಲ್ಲವರು ಬಹುಕಾಲ ಬೇರೆ ತಳಿಗಳ ಕಡತ ಬರೆದರು, ಹಳ್ಳಿಕಾರ್ ಬಲ್ಲವರ ಬಳಿ ಕಡತವಿರಲಿಲ್ಲ ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ತಳಿಯ ಲಕ್ಷಣಗಳನ್ನು ಮೊದಲು ಹೇಳಬೇಕು. ಹಳ್ಳಿಕಾರ್ ದನದ ಮೈಬಣ್ಣ ಬೂದು, ಹೋರಿಗಳಲ್ಲಿ ಕತ್ತು, ಭುಜ ಮತ್ತು ಹಿಂತೊಡೆಯ ಕಡೆ ಕಪ್ಪೇರಿದ ಬೂದು. ಮುಖ ಉದ್ದ ಮತ್ತು ಕಿರಿದು, ಮುಂದಕ್ಕೆ ಉಬ್ಬಿದ ಹಣೆಯ ನಡುವೆ ಗೆರೆಯಂತೆ ಇಳಿದ ತಗ್ಗು. ಕೊಂಬುಗಳು ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ಹಿಂದಕ್ಕೆ ನೇರವಾಗಿ ಸಾಗಿ, ಅಲ್ಲಿಂದ ಮೆಲ್ಲಗೆ ಮುಂದಕ್ಕೆ ಬಾಗಿ ಚೂಪಾಗಿ ಮುಗಿಯುತ್ತವೆ. ಗಂಗೆದೊಗಲು ಚಿಕ್ಕದು, ಮೈ ಗಟ್ಟಿ, ಗೊರಸು ಕಲ್ಲುನೆಲಕ್ಕೂ ಜಗ್ಗದಷ್ಟು ಬಿಗಿ. ಭಾರತೀಯ ಅಂಚೆ ಇಲಾಖೆ 2000ದಲ್ಲಿ ದೇಶೀ ದನದ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ತಳಿಗಳ ಜೊತೆ ಹಳ್ಳಿಕಾರನ್ನೂ ಆರಿಸಿಕೊಂಡಿತು.

ಈ ತಳಿಯ ಬಗ್ಗೆ ರಾಜ್ಯಾಡಳಿತ ಬಿಟ್ಟುಹೋದ ಅತಿ ವಿಸ್ತಾರವಾದ ದಾಖಲೆ ಅಮೃತಮಹಲ್ ಇಲಾಖೆಗೆ ಸೇರಿದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಹಿಂಡುಗಳಿಗೆ ಬೆಣ್ಣೆಚಾವಡಿ ಎಂಬ ಹೆಸರಿತ್ತು, ಅವುಗಳ ಮೇವಿಗೆಂದು ನಾಡಿನ ಹಲವೆಡೆ ಕಾವಲುಗಳನ್ನು, ಅಂದರೆ ಉಳುಮೆಗೆ ಬಿಡದೆ ಕಾಯ್ದಿಟ್ಟ ಹುಲ್ಲುಗಾವಲುಗಳನ್ನು, ಗೊತ್ತುಮಾಡಲಾಗಿತ್ತು. ಹೈದರ್ ಅಲಿ ಈ ಹಿಂಡನ್ನು ಸೇನೆಯ ಸಾಗಣೆಗೆ ತಿರುಗಿಸಿದ. ಟಿಪ್ಪು ಸುಲ್ತಾನ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಹಿಂಡಿನ ನಿರ್ವಹಣೆಗೆ ಲಿಖಿತ ಕಟ್ಟಳೆಗಳನ್ನು ಮಾಡಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ವಶವಾಯಿತು, 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಸೇನಾಧಿಕಾರಿಯ ಉಸ್ತುವಾರಿಗೆ ಬಂದು ಮತ್ತೆ ಚೇತರಿಸಿಕೊಂಡಿತು, 1860ರಲ್ಲಿ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ತಗ್ಗಿಸುವ ಕಾರಣ ಮುಂದಿಟ್ಟು ಅದನ್ನು ಮಾರಿಸಿದ. ಕೆಲವೇ ವರ್ಷಗಳಲ್ಲಿ ಆ ಮಾರಾಟ ತಪ್ಪೆಂದು ಮನವರಿಕೆಯಾಗಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ, 1923ರಲ್ಲಿ ಕೃಷಿ ಇಲಾಖೆಗೆ ಸೇರಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಅದರ ಇಂದಿನ ಮುಖ್ಯ ನೆಲೆ, ಅಲ್ಲಿನ ಹೋರಿಕರುಗಳ ಹರಾಜಿಗೆ ರೈತರು ದೂರದೂರದಿಂದ ಬರುತ್ತಾರೆ.

ಅಮೃತಮಹಲ್ ಹಿಂಡಿನ ಮೂಲದಲ್ಲಿ ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳ ಜೊತೆ ಹಳ್ಳಿಕಾರ್ ರಕ್ತವೇ ಪ್ರಧಾನವಾಗಿತ್ತು. ಅರಮನೆಯ ಹಿಂಡಿಗೆ ಕಟ್ಟಳೆ, ಕಾವಲು, ಲೆಕ್ಕ, ಸಂಬಳದ ಕಾವಲುಗಾರರು ಇದ್ದರು. ಅದಕ್ಕೆ ರಕ್ತ ಕೊಟ್ಟ ತಳಿಯನ್ನು ಹಟ್ಟಿಯಲ್ಲಿ ಉಳಿಸಿಕೊಂಡು ಬಂದ ಕುಟುಂಬಗಳಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಅರಮನೆಯ ಹಿಂಡಿನ ಏಳುಬೀಳುಗಳನ್ನು ವರ್ಷವಾರು ಹೇಳಲು ಸಾಧ್ಯವಾಗುವುದೂ ರೈತರ ಹಟ್ಟಿಯ ಬಗ್ಗೆ ಹಾಗೆ ಹೇಳಲಾಗದಿರುವುದೂ ಈ ಅಂತರದ ಫಲ, ತಳಿಗೆ ಅವರಿತ್ತ ಕಾಣಿಕೆಯ ಅಳತೆಯಲ್ಲ.

ರೈತರ ಪದ್ಧತಿಗೂ ತನ್ನದೇ ಆದ ಕ್ರಮವಿತ್ತು. ಊರಿನ ನಾಡದನಗಳ ನಡುವೆ ಒಳ್ಳೆಯ ಸಾಲಿನ ಹಸುಗಳನ್ನು ಗುರುತಿಸಿ, ಬೆದೆಗೆ ಬಂದಾಗ ಹೆಸರಾದ ಬೀಜದ ಹೋರಿಯಿರುವ ಮನೆಗೆ ಹೊಡೆದುಕೊಂಡು ಹೋಗುವುದು, ಹೋರಿಯ ಒಡೆಯರಿಗೆ ಹಣವನ್ನೋ ಹುರುಳಿ, ಹಿಂಡಿಯನ್ನೋ ಕೊಡುವುದು, ಹುಟ್ಟಿದ ಕರುವನ್ನು ‘ಇಂಥ ಊರಿನ ಇಂಥವರ ಹೋರಿಯ ಕರು’ ಎಂದೇ ಕರೆಯುವುದು ವಾಡಿಕೆ. ದೇವರಿಗೆ ಬಿಟ್ಟ ಬಸವನೂ ಊರೂರು ಅಲೆದು ಇದೇ ಕೆಲಸ ಮಾಡುತ್ತಿತ್ತು. ಹಳ್ಳಿಕಾರ್ ಹಸುವಿನ ಹಾಲು ಕಡಿಮೆ. ಅದರಲ್ಲೂ ಹೆಚ್ಚಿನ ಪಾಲನ್ನು ಹೋರಿಕರುವಿಗೇ ಬಿಡುವುದು ಸಾಕುವವರ ನಿಯಮವಾಗಿತ್ತು, ಏಕೆಂದರೆ ಮನೆಗೆ ಬರುವ ಹಣವೆಲ್ಲ ಆ ಕರುವಿನ ಮೈಯಲ್ಲಿತ್ತು. ತಳಿ ಹುಟ್ಟಿಸುವವರೂ ಬೆಳೆಸಿ ಮಾರುವವರೂ ಹಲವು ಸಲ ಬೇರೆಬೇರೆ: ಮಂಡ್ಯ, ಮೈಸೂರು, ಹಾಸನದ ಕಡೆ ಹುಟ್ಟಿದ ಕರುಗಳನ್ನು ಎಳೆಯವಿರುವಾಗಲೇ ಕೊಂಡು, ಬಣ್ಣ, ಎತ್ತರ, ಕೊಂಬು ಹೊಂದುವಂತೆ ಜೋಡಿ ಮಾಡಿ, ರಾಗಿಹುಲ್ಲು, ಹುರುಳಿ, ಹಿಂಡಿ, ಬೂಸ ಹಾಕಿ ಸಾಕಿ, ನೊಗ ಕಲಿಸಿ, ಬೀಜ ಒಡೆಸಿ ಮಾರುವ ಕಸುಬು ಬೆಂಗಳೂರು, ತುಮಕೂರು, ಕೋಲಾರ ಸೀಮೆಯ ರೈತರದಾಗಿತ್ತು. ಹೀಗೆ ಒಂದು ಜೋಡಿ ಮುದಿಯಾಗುವಷ್ಟರಲ್ಲಿ ಮೂರು ನಾಲ್ಕು ಮನೆ ಕಂಡಿರುತ್ತಿತ್ತು, ಪ್ರತಿ ಮನೆಯೂ ಅದರಿಂದ ಒಂದಿಷ್ಟು ಲಾಭ ಪಡೆದಿರುತ್ತಿತ್ತು.

ಈ ಸರಪಳಿಯ ಕೊಂಡಿಗಳು ಜಾತ್ರೆಗಳು. ಮುಡುಕುತೊರೆ, ಹೇಮಗಿರಿ, ಸಿದ್ಧಗಂಗೆ, ಆವಣಿ ಜಾತ್ರೆಗಳ ಸಾಲಿನಲ್ಲಿ ಬೆಂಗಳೂರು ಉತ್ತರಕ್ಕೆ ಸೇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಹೊಂದಿಕೊಂಡು, ಸುಗ್ಗಿ ಮುಗಿದು ಕೈಯಲ್ಲಿ ಹಣವೂ ಬಿಡುವೂ ಇರುವ ಡಿಸೆಂಬರ್–ಜನವರಿಯ ದಿನಗಳಲ್ಲಿ ಸೇರುವ ಈ ದನಗಳ ಜಾತ್ರೆಗೆ ಉತ್ತರ ಕರ್ನಾಟಕ, ಆಂಧ್ರ ಮತ್ತು ತಮಿಳುನಾಡಿನ ಕೊಳ್ಳುಗರು ಬರುತ್ತಾರೆ. ಮುಂದಿನ ಮುಂಗಾರಿಗೆ ಎತ್ತು ಬೇಕಾದವರು ಬೇಸಿಗೆಗೆ ಮೊದಲೇ ಕೊಂಡು ಪಳಗಿಸಿಕೊಳ್ಳಲು ಈ ಕಾಲ ಅನುಕೂಲ.

ಜಾತ್ರೆಯಲ್ಲಿ ರಾಸನ್ನು ಪರೀಕ್ಷಿಸುವ ಬಗೆಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಹಿಂಡುಪುಸ್ತಕ ಮಾಡುವ ಕೆಲಸವನ್ನು ಇಲ್ಲಿ ಕಣ್ಣು ಮತ್ತು ಕೈ ಮಾಡುತ್ತವೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ: ಹಾಲುಹಲ್ಲು ಬೀಳದ್ದು ಸುಮಾರು ಎರಡು ವರ್ಷದೊಳಗಿನದು, ಮುಂದೆ ಎರಡು, ನಾಲ್ಕು, ಆರು ಹಲ್ಲು ಎಂದು ಎಣಿಸುತ್ತ ಹೋಗಿ, ಐದು ವರ್ಷದ ಆಸುಪಾಸಿನಲ್ಲಿ ಎಂಟೂ ಹಲ್ಲು ಬಂದಾಗ ಬಾಯಿಗೂಡಿತು ಎನ್ನುತ್ತಾರೆ, ಅಲ್ಲಿಂದಾಚೆಗೆ ಹಲ್ಲಿನ ಸವೆತವೇ ವಯಸ್ಸಿನ ಸಾಕ್ಷಿ. ಆಮೇಲೆ ಸುಳಿ: ಹಣೆ, ಬೆನ್ನು, ಹೆಗಲಿನ ಮೇಲೆ ಕೂದಲು ತಿರುಗಿದ ಜಾಗವನ್ನು ಬೆರಳಿನಿಂದ ಬಿಡಿಸಿ ನೋಡಿ, ಅದು ಮನೆಗೆ ಆಗಿಬರುತ್ತದೆಯೇ ಎಂದು ತೀರ್ಮಾನಿಸುತ್ತಾರೆ; ಇದಕ್ಕೆ ತಳಿಶಾಸ್ತ್ರದ ಆಧಾರವಿಲ್ಲದಿದ್ದರೂ ಬೆಲೆಯ ಮೇಲೆ ಅದರ ಹಿಡಿತ ಬಲವಾದದ್ದು. ಬಳಿಕ ನಡೆಸಿ ನೋಡುವುದು, ಹಿಂಗಾಲು ಮುಂಗಾಲಿನ ಹೆಜ್ಜೆಗೆ ಸರಿಯಾಗಿ ಬೀಳುತ್ತದೆಯೇ ಎಂದು ಗಮನಿಸುವುದು. ಬೆಲೆಯ ಮಾತು ಬಾಯಲ್ಲಿ ನಡೆಯದೆ ದಲ್ಲಾಳಿಯ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುವ ಪದ್ಧತಿಯಿಂದ, ಒಂದು ಜೋಡಿಗೆ ಕೊಂಡವರು ಕೊಟ್ಟ ಬೆಲೆ ಪಕ್ಕದವರಿಗೂ ತಿಳಿಯದೆ ಉಳಿಯುತ್ತಿತ್ತು. ಸಂಶೋಧಕರ ದೃಷ್ಟಿಯಿಂದ ಇದು ದೊಡ್ಡ ನಷ್ಟ: ಶತಮಾನಗಳ ವ್ಯಾಪಾರ ನಡೆದ ಮಾಳದಲ್ಲಿ ಬೆಲೆಯ ಸರಣಿಯೊಂದು ಉಳಿಯಲಿಲ್ಲ.

ಅತ್ತ ಹೆಬ್ಬಾಳದಲ್ಲಿ ಬೇರೆಯದೇ ಕೆಲಸ ನಡೆದಿತ್ತು. ದನಗಳಿಗೆ ಬರುತ್ತಿದ್ದ ದೊಡ್ಡರೋಗ ಊರಿಗೆ ಊರನ್ನೇ ಎತ್ತಿಲ್ಲದಂತೆ ಮಾಡುತ್ತಿದ್ದ ಕಾಲದಲ್ಲಿ, 1920ರ ದಶಕದಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಯಿತು. ಅದೇ ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. ಕಾಲುಬಾಯಿ ರೋಗದ ಲಸಿಕೆಗಾಗಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ತನ್ನ ಆವರಣವನ್ನು ಹೆಬ್ಬಾಳದಲ್ಲೇ ತೆರೆಯಿತು, ರೋಗಗಳ ಹರಡುವಿಕೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ಯಲಹಂಕದಲ್ಲಿ ನೆಲೆಗೊಂಡಿತು. ಭಾರತ 2006ರಲ್ಲಿ ದೊಡ್ಡರೋಗದಿಂದ ಮುಕ್ತವೆಂದು ಮಾನ್ಯತೆ ಪಡೆದದ್ದು, 2011ರಲ್ಲಿ ಜಗತ್ತೇ ಅದರಿಂದ ಬಿಡುಗಡೆಯಾದದ್ದು ಇಂಥ ಹಲವು ಸಂಸ್ಥೆಗಳ ದಶಕಗಳ ದುಡಿಮೆಯಿಂದ. ಹಳ್ಳಿಕಾರ್ ಸಾಕುವ ಕುಟುಂಬಕ್ಕೆ ವಿಜ್ಞಾನ ಕೊಟ್ಟ ಅತಿ ದೊಡ್ಡ ಕೊಡುಗೆ ಇದೇ ಎನ್ನಬೇಕು. ಒಂದು ಜಾತ್ರೆಯಿಂದ ಮರಳಿದ ಎತ್ತು ಇಡೀ ಹಟ್ಟಿಗೆ ಸಾವು ತರುವ ಭಯ ಅದರಿಂದ ತಗ್ಗಿತು. ಆದರೆ ಹೊಸ ರೋಗಗಳು ಬರುವುದು ನಿಲ್ಲಲಿಲ್ಲ: 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ದನಗಳ ಸಂತೆ, ಜಾತ್ರೆಗಳ ಮೇಲೆ ನಿರ್ಬಂಧ ಬಿತ್ತು.

ತಳಿಯ ದಿಕ್ಕನ್ನು ಬದಲಿಸಿದ್ದು ಹೆಸರಘಟ್ಟ. ಡೆನ್ಮಾರ್ಕಿನ ನೆರವಿನಿಂದ 1960ರ ದಶಕದಲ್ಲಿ ಇಲ್ಲಿ ಕೆಲಸ ಆರಂಭವಾಗಿ, 1969ರಲ್ಲಿ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿಯ ಕೇಂದ್ರ ಸಂಸ್ಥೆ ಸ್ಥಾಪನೆಯಾಯಿತು; ಕೇಂದ್ರ ಸರ್ಕಾರದ ದನ ಸಂವರ್ಧನಾ ಕ್ಷೇತ್ರ ಮತ್ತು ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಇಲ್ಲಿವೆ. ಘನೀಕೃತ ವೀರ್ಯವೆಂದರೆ ಆಯ್ದ ಹೋರಿಯ ವೀರ್ಯವನ್ನು ಕಾಲು ಮಿಲಿಲೀಟರಿನ ಸಣ್ಣ ಕಡ್ಡಿಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಟ್ಟು, ಬೇಕಾದಾಗ ಕರಗಿಸಿ ಬಳಸುವ ವಿಧಾನ. ಕಡ್ಡಿಯ ಮೈಮೇಲೆ ತಳಿ, ಹೋರಿಯ ಸಂಖ್ಯೆ, ಕೇಂದ್ರದ ಗುರುತು, ತಯಾರಾದ ದಿನ ಅಚ್ಚಾಗಿರುತ್ತವೆ. ಎಂದರೆ ಕೋಟ್ಸನ ಪುಸ್ತಕದ ಒಂದು ಸಾಲು ಸಣ್ಣ ಕಡ್ಡಿಯ ಮೇಲೆ ಬರೆದು ಹಳ್ಳಿಗೆ ಬಂದಂತಾಯಿತು. ಆದರೆ ಆ ಸಾಲು ಬಹುಪಾಲು ಹೋಲ್‌ಸ್ಟೀನ್ ಮತ್ತು ಜರ್ಸಿಗೆ ಸೇರಿತ್ತು. ಡೈರಿಗೆ ಹಾಲು ಹಾಕಿದರೆ ಕೈಗೆ ನಿಯಮಿತವಾಗಿ ಹಣ ಬರುವ ವ್ಯವಸ್ಥೆ ಗಟ್ಟಿಯಾದಂತೆ ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ಹಟ್ಟಿಗಳಲ್ಲಿ ಸೀಮೆಹಸು ತುಂಬಿತು. ಇದು ರೈತರು ಲೆಕ್ಕ ಹಾಕಿಯೇ ಮಾಡಿದ ಆಯ್ಕೆ, ಅದನ್ನು ಅಭಿರುಚಿಯ ಕೊರತೆ ಎನ್ನುವುದು ಅನ್ಯಾಯ. ಹೆಸರಘಟ್ಟದಲ್ಲಿ ದೇಶೀ ಹೋರಿಗಳ ವೀರ್ಯವನ್ನು ಕಾಪಿಡುವ ಕೆಲಸಕ್ಕೆ ಒತ್ತು ಬಂದದ್ದು ತಡವಾಗಿ, ಮುಖ್ಯವಾಗಿ 2014ರ ರಾಷ್ಟ್ರೀಯ ಗೋಕುಲ ಮಿಷನ್ ನಂತರದ ವರ್ಷಗಳಲ್ಲಿ.

ನೋಂದಣಿಯ ವಿಷಯದಲ್ಲಿ ಹಳ್ಳಿಕಾರಿನ ಸ್ಥಿತಿ ವಿಚಿತ್ರ. ಕೇಂದ್ರ ಸರ್ಕಾರದ ಹಿಂಡು ನೋಂದಣಿ ಯೋಜನೆ ರೈತರ ಮನೆಯ ರಾಸುಗಳನ್ನೇ ದಾಖಲಿಸುತ್ತದೆ, ಆದರೆ ಅದು ಆರಿಸಿಕೊಂಡ ದನದ ತಳಿಗಳು ಗಿರ್, ಕಾಂಕ್ರೇಜ್, ಹರಿಯಾಣ ಮತ್ತು ಒಂಗೋಲು. ಹಸು ಪುಸ್ತಕ ಸೇರಲು ತಳಿಲಕ್ಷಣದ ಜೊತೆ ನಿಗದಿಯಾದಷ್ಟು ಹಾಲನ್ನೂ ಕೊಡಬೇಕು. ದುಡಿಮೆಗಾಗಿ ಬೆಳೆದ ತಳಿಯನ್ನು ಹಾಲಿನ ಅಳತೆಯಿಂದ ಅಳೆದರೆ ಅದರ ಶ್ರೇಷ್ಠ ಹಸುವೂ ಹೊರಗೇ ಉಳಿಯುತ್ತದೆ. ಪ್ರಾಣಿ ತಳಿಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ 1984ರಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನಲ್ಲೇ. ಮರುವರ್ಷ ಅದು ಹರಿಯಾಣದ ಕರ್ನಾಲಿಗೆ ಹೋಯಿತು. ಅದರ ಪಟ್ಟಿಯಲ್ಲಿ ಹಳ್ಳಿಕಾರ್ ಇದೆ, ಆದರೆ ಅಲ್ಲಿ ನೋಂದಣಿಯಾಗುವುದು ತಳಿ, ರಾಸಲ್ಲ. ಇತ್ತೀಚೆಗೆ ಕಿವಿಗೆ ಹಾಕುವ ಹಳದಿ ಬಿಲ್ಲೆಯ 12 ಅಂಕಿಗಳ ಸಂಖ್ಯೆಯಿಂದ ಲಸಿಕೆ, ಗರ್ಭಧಾರಣೆ, ಒಡೆತನದ ವಿವರಗಳನ್ನು ಗಣಕದಲ್ಲಿ ಕೂಡಿಸಲು ಸಾಧ್ಯವಾಗಿದೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಕರುವಿನ ತಂದೆಯ ಸಂಖ್ಯೆ ಹೀಗೆ ತಾನಾಗಿ ಸಿಗುತ್ತದೆ; ಮನೆಯ ಬೀಜದ ಹೋರಿಗೆ ಹುಟ್ಟಿದ ಕರುವಿನ ತಂದೆಯನ್ನು ಹೇಳಬಲ್ಲವರು ಮಾತ್ರ ಹೋರಿಯ ಮತ್ತು ಹಸುವಿನ ಒಡೆಯರೇ. ಹಳ್ಳಿಕಾರ್ ಸಾಕುವವರಲ್ಲಿ ಹೋರಿ ಕೊಡಿಸುವ ಹಳೆಯ ಪದ್ಧತಿ ಇನ್ನೂ ಗಟ್ಟಿಯಾಗಿರುವುದರಿಂದ ತಳಿಯ ಶುದ್ಧ ಸಾಲುಗಳೇ ಗಣಕದ ಹೊರಗೆ ಉಳಿಯುವ ಅಪಾಯವಿದೆ.

ಇಪ್ಪತ್ತೊಂದನೆಯ ಶತಮಾನದಲ್ಲಿ ಮಾರಾಟದ ಸರಪಳಿಯೂ ಬದಲಾಯಿತು. ಟ್ರ್ಯಾಕ್ಟರು ಮತ್ತು ಟಿಲ್ಲರು ಉಳುಮೆಯನ್ನು ಕಸಿದುಕೊಂಡವು. ವಿಮಾನ ನಿಲ್ದಾಣದ ರಸ್ತೆಯ ಇಕ್ಕೆಲದ ಹೊಲಗಳು ಬಡಾವಣೆಗಳಾದವು. ಕಾನೂನೂ ಬದಲಾಯಿತು: ಜಾನುವಾರು ವಧೆಯನ್ನು ಕುರಿತ ರಾಜ್ಯದ 1964ರ ಕಾಯ್ದೆ ಹನ್ನೆರಡು ವರ್ಷ ಮೀರಿದ ಅಥವಾ ದುಡಿಮೆಗೆ ನಿರುಪಯುಕ್ತವಾದ ಎತ್ತು, ಹೋರಿಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಆ ಅವಕಾಶವನ್ನು ತೆಗೆದುಹಾಕಿ ಸಾಗಣೆಯ ನಿಯಮಗಳನ್ನೂ ಬಿಗಿಗೊಳಿಸಿತು, ಇದರಿಂದ ಮುದಿ ಎತ್ತನ್ನು ಕಡೆಯವರೆಗೆ ಸಾಕುವ ಖರ್ಚು ಕೊನೆಯ ಒಡೆಯರ ಪಾಲಿಗೆ ಬಂತು. ಇನ್ನೊಂದು ಬದಿಯಲ್ಲಿ, ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಮೇಲೆ ಓಟದ ಹೋರಿಗಳಿಗೆ ಬೇಡಿಕೆ ಬಲವಾಯಿತು. ಪ್ರದರ್ಶನಕ್ಕೂ ಓಟಕ್ಕೂ ಕೊಳ್ಳುವವರು ಉಳುವ ರೈತರಿಗಿಂತ ಹೆಚ್ಚು ಹಣ ಕೊಡಬಲ್ಲರು, ಆದರೆ ಅವರಿಗೆ ಬೇಕಾದದ್ದು ಕೆಲವೇ ಜೋಡಿ. ತಳಿ ಉಳಿಯಲು ಬೇಕಾಗುವುದು ನೂರಾರು ಹಟ್ಟಿಗಳ ಹಸುಗಳು. ಹೆಸರಾದ ನಾಲ್ಕಾರು ಹೋರಿಗಳ ಸಾಲಿಗೇ ಎಲ್ಲರೂ ಮುಗಿಬಿದ್ದರೆ ಒಳಸಂಬಂಧ, ಅಂದರೆ ಹತ್ತಿರದ ರಕ್ತದ ಕೂಡಿಕೆ, ಹೆಚ್ಚುತ್ತದೆ. ಅದನ್ನು ತಡೆಯಲು ಮೂರು ತಲೆಮಾರಿನ ತಂದೆತಾಯಿಯ ಲಿಖಿತ ದಾಖಲೆ ಬೇಕೇಬೇಕು. ಆ ದಾಖಲೆಗೆ ಬೇಕಾದ ಮಾಹಿತಿ ಇಂದಿಗೂ ಘಾಟಿಗೆ ಜೋಡಿ ಹೊಡೆದುಕೊಂಡು ಬರುವ ಮನೆಗಳ ಹಿರಿಯರಲ್ಲಿ ಇದೆ, ಅದನ್ನು ಬರೆದುಕೊಳ್ಳಬಲ್ಲ ಪಶುವೈದ್ಯರು ಹೆಬ್ಬಾಳದಲ್ಲಿ ಓದಿ ಅದೇ ತಾಲ್ಲೂಕುಗಳಲ್ಲಿ ಕೆಲಸಕ್ಕಿದ್ದಾರೆ, ಜಾತ್ರೆಯ ದಿನಗಳಲ್ಲಿ ಲಸಿಕೆ ಮತ್ತು ಚಿಕಿತ್ಸೆಗೆಂದು ಮಾಳಕ್ಕೂ ಬರುತ್ತಾರೆ.